ಆಫ್‌ರೋಡ್ ವಾಹನಗಳ ಇಂಧನ ಮಿತವ್ಯಯ

ಕೆಸರು, ಮರಳು, ಬಂಡೆ, ಕಡಿದಾದ ಏರು, ಹಳ್ಳಕೊಳ್ಳಗಳನ್ನು ದಾಟಲೆಂದು ಕಟ್ಟಿದ ಜೀಪು ಮಾದರಿಯ ವಾಹನಗಳು ತುಂಬಿದ ಇಂಧನಕ್ಕೆ ಪ್ರತಿಯಾಗಿ ಎಷ್ಟು ದೂರ ಓಡುತ್ತವೆ, ಎಷ್ಟು ಕೆಲಸ ಮಾಡುತ್ತವೆ ಎಂಬುದರ ಅಳತೆಯೇ ಅವುಗಳ ಇಂಧನ ಮಿತವ್ಯಯ. ಬಳಕೆಯ ಮಾತಿನಲ್ಲಿ ಇದು ಮೈಲೇಜು. ಅಷ್ಟೇ ಶಕ್ತಿಯ ಎಂಜಿನ್ ಇರುವ ಸಾಮಾನ್ಯ ಕಾರಿಗೆ ಹೋಲಿಸಿದರೆ ಇವುಗಳ ಮೈಲೇಜು ಕಡಿಮೆ. ಬೆಟ್ಟ ಹತ್ತಲು ಬೇಕಾದ ಎತ್ತರದ ಮೈಕಟ್ಟು, ಗಟ್ಟಿ ಚಾಸಿ, ದಪ್ಪ ಹಲ್ಲಿನ ಟೈರು, ನಾಲ್ಕೂ ಚಕ್ರಗಳಿಗೆ ಶಕ್ತಿ ಒಯ್ಯುವ ಗೇರು ವ್ಯವಸ್ಥೆ ಇವೆಲ್ಲ ಡಾಂಬರು ರಸ್ತೆಯಲ್ಲಿ ಹೊರೆಯಾಗುವುದೇ ಇದಕ್ಕೆ ಕಾರಣ. ಬಹುತೇಕ ಆಫ್‌ರೋಡ್ ವಾಹನಗಳು ತಮ್ಮ ಆಯುಸ್ಸಿನ ಹೆಚ್ಚಿನ ಭಾಗ ಓಡುವುದು ಡಾಂಬರಿನ ಮೇಲೆಯೇ. ಹಾಗಾಗಿ ಅಪರೂಪಕ್ಕೆ ಬೇಕಾಗುವ ಸಾಮರ್ಥ್ಯಕ್ಕೆ ಮಾಲೀಕ ದಿನವೂ ಇಂಧನದ ರೂಪದಲ್ಲಿ ತೆರಿಗೆ ಕಟ್ಟಿದಂತಾಗುತ್ತದೆ. ಆ ತೆರಿಗೆಯನ್ನು ತಗ್ಗಿಸುವ ಪ್ರಯತ್ನಗಳು ಈ ವಾಹನಗಳ ವಿನ್ಯಾಸದ ಚರಿತ್ರೆಯಲ್ಲಿ ಉದ್ದಕ್ಕೂ ಕಾಣಿಸುತ್ತವೆ.

ಅಳೆಯುವ ಬಗೆ

ಭಾರತದಲ್ಲಿ ಮೈಲೇಜನ್ನು ಲೀಟರಿಗೆ ಇಷ್ಟು ಕಿಲೋಮೀಟರ್ ಎಂದು ಹೇಳುವುದು ರೂಢಿ. ಅಮೆರಿಕದಲ್ಲಿ ಗ್ಯಾಲನ್ನಿಗೆ ಇಷ್ಟು ಮೈಲಿ. ಯೂರೋಪ್ ಮತ್ತು ಆಸ್ಟ್ರೇಲಿಯಾಗಳಲ್ಲಿ ಇದನ್ನು ತಿರುಗಿಸಿ 100 ಕಿ.ಮೀ.ಗೆ ಎಷ್ಟು ಲೀಟರ್ ಎಂದು ಲೆಕ್ಕ ಹಾಕುತ್ತಾರೆ. ಹೆಚ್ಚು ಇಂಧನ ಕುಡಿಯುವ ವಾಹನಗಳ ವಿಚಾರದಲ್ಲಿ ಈ ಕೊನೆಯ ಕ್ರಮವೇ ವಾಸ್ತವಕ್ಕೆ ಹತ್ತಿರ. ಲೀಟರಿಗೆ 5 ಕಿ.ಮೀ. ಕೊಡುವ ಜೀಪನ್ನು 7 ಕಿ.ಮೀ.ಗೆ ತಂದರೆ 1,000 ಕಿ.ಮೀ. ಓಟದಲ್ಲಿ ಸುಮಾರು 57 ಲೀಟರ್ ಉಳಿಯುತ್ತದೆ. 15 ಕೊಡುವ ಕಾರನ್ನು 20ಕ್ಕೆ ಏರಿಸಿದರೂ ಅದೇ ದೂರದಲ್ಲಿ ಉಳಿಯುವುದು 17 ಲೀಟರಿಗಿಂತ ಕಡಿಮೆ. ಹೀಗೆ ಕೆಳಹಂತದಲ್ಲಿ ಮೈಲೇಜಿನ ಸಣ್ಣ ಏರಿಕೆಗೂ ದೊಡ್ಡ ಬೆಲೆಯಿದೆ.

ರಸ್ತೆ ಬಿಟ್ಟು ಇಳಿದ ಮೇಲೆ ದೂರದ ಲೆಕ್ಕವೇ ಅರ್ಥ ಕಳೆದುಕೊಳ್ಳುತ್ತದೆ. ಬಂಡೆಗಳ ಮೇಲೆ ಲೋ ಗೇರಿನಲ್ಲಿ ಗಂಟೆಗೆ 5 ಕಿ.ಮೀ. ತೆವಳುವ ವಾಹನ ಆ ಗಂಟೆಯಲ್ಲಿ 3 ಲೀಟರ್ ಬಳಸಿದರೆ ಮೈಲೇಜು ಲೀಟರಿಗೆ 2 ಕಿ.ಮೀ.ಗಿಂತ ಕೆಳಗೆ ಬೀಳುತ್ತದೆ. ಆದರೆ ವಾಹನದಲ್ಲಿ ಯಾವ ದೋಷವೂ ಇರುವುದಿಲ್ಲ. ಟ್ರ್ಯಾಕ್ಟರು, ಮಣ್ಣು ಅಗೆಯುವ ಯಂತ್ರಗಳ ಇಂಧನವನ್ನು ಗಂಟೆಯ ಲೆಕ್ಕದಲ್ಲಿ ಹೇಳುವುದು ಇದೇ ಕಾರಣಕ್ಕೆ. ದೂರದ ನಿರ್ಜನ ಪ್ರದೇಶಗಳಿಗೆ ಹೋಗುವವರು ಮೂರನೆಯ ಅಳತೆಯೊಂದನ್ನು ಬಳಸುತ್ತಾರೆ: ಟ್ಯಾಂಕ್ ತುಂಬಿಸಿದರೆ ಒಟ್ಟು ಎಷ್ಟು ದೂರ ಹೋಗಿ ಬರಬಹುದು ಎಂಬುದು.

ಇಂಧನ ವ್ಯಯವಾಗುವ ಬಗೆ

ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡುವ ವಾಹನ ಎರಡು ತಡೆಗಳನ್ನು ಎದುರಿಸುತ್ತದೆ. ಒಂದು ಗಾಳಿಯ ತಡೆ, ಇನ್ನೊಂದು ಚಕ್ರ ಉರುಳುವಾಗ ಟೈರು ಮತ್ತು ನೆಲದ ನಡುವೆ ಹುಟ್ಟುವ ತಡೆ. ಗಾಳಿಯ ತಡೆ ವಾಹನದ ಎದುರುಮುಖದ ವಿಸ್ತೀರ್ಣ, ಅದರ ಆಕಾರ ಮತ್ತು ವೇಗದ ವರ್ಗವನ್ನು ಅವಲಂಬಿಸಿರುತ್ತದೆ. ಆಕಾರದ ಪರಿಣಾಮವನ್ನು ಸೂಚಿಸುವ ಗುಣಾಂಕ ಇಂದಿನ ಒಳ್ಳೆಯ ಸೆಡಾನ್ ಕಾರಿನಲ್ಲಿ 0.25ರಿಂದ 0.30 ಇದ್ದರೆ, ನೇರ ಗಾಜು, ಚೌಕ ಮೂತಿ, ಹೊರಗೆ ಚಾಚಿದ ಮಡ್‌ಗಾರ್ಡುಗಳ ಜೀಪು ಮಾದರಿಗಳಲ್ಲಿ 0.45ರಿಂದ 0.55ರವರೆಗೆ ಹೋಗುತ್ತದೆ. ಚಕ್ರದ ತಡೆ ತೂಕ ಹೆಚ್ಚಿದಂತೆ ಏರುತ್ತದೆ, ವೇಗದಿಂದ ಅಷ್ಟಾಗಿ ಬದಲಾಗುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳಬಹುದು. ವಾಹನದ ತೂಕ 2,000 ಕಿ.ಗ್ರಾಂ., ಆಕಾರದ ಗುಣಾಂಕ 0.5, ಎದುರುಮುಖದ ವಿಸ್ತೀರ್ಣ 2.7 ಚದರ ಮೀಟರ್, ಡಾಂಬರಿನ ಮೇಲೆ ಚಕ್ರದ ತಡೆ ತೂಕದ ನೂರಕ್ಕೆ ಒಂದೂವರೆ ಪಾಲು ಎಂದಿಟ್ಟುಕೊಳ್ಳೋಣ. ಲೀಟರ್ ಡೀಸೆಲ್ಲಿನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿಯಿದ್ದು ಅದರ ಕಾಲುಭಾಗ ಮಾತ್ರ ಚಕ್ರಕ್ಕೆ ತಲುಪುತ್ತದೆ ಎಂದುಕೊಂಡರೆ, ಗಂಟೆಗೆ 80 ಕಿ.ಮೀ. ವೇಗದಲ್ಲಿ ಈ ವಾಹನ ಲೀಟರಿಗೆ ಸುಮಾರು 13 ಕಿ.ಮೀ. ಓಡುತ್ತದೆ. ವೇಗ 100ಕ್ಕೆ ಏರಿದರೆ 10 ಕಿ.ಮೀ.ಗೂ ಸ್ವಲ್ಪ ಕಡಿಮೆ; 120ರಲ್ಲಿ ಏಳೂವರೆ ಕಿ.ಮೀ. 80ರ ವೇಗದಲ್ಲಿ ಗಾಳಿಯ ತಡೆ ಸುಮಾರು 400 ನ್ಯೂಟನ್, ಚಕ್ರದ ತಡೆ 300 ನ್ಯೂಟನ್. 120ಕ್ಕೆ ಬರುವಷ್ಟರಲ್ಲಿ ಗಾಳಿಯ ತಡೆಯೊಂದೇ 900 ನ್ಯೂಟನ್ ಮುಟ್ಟುತ್ತದೆ. ಹೆದ್ದಾರಿಯಲ್ಲಿ ಜೀಪಿನ ಮೈಲೇಜು ಕುಸಿಯುವುದಕ್ಕೆ ಮುಖ್ಯ ಕಾರಣ ಇದು.

ನಗರದ ಓಟದಲ್ಲಿ ತೂಕವೇ ಮುಖ್ಯವಾಗುತ್ತದೆ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ನಿಂತು ಹೊರಡುವಾಗ ಭಾರವಾದ ಚಾಸಿಗೆ ವೇಗ ಕೊಡಲು ವ್ಯಯಿಸಿದ ಶಕ್ತಿಯೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಘಾಟಿ ಏರುವಾಗಲೂ ಹೀಗೆಯೇ. 2,000 ಕಿ.ಗ್ರಾಂ. ವಾಹನವನ್ನು 1,000 ಮೀಟರ್ ಎತ್ತರಕ್ಕೆ ಏರಿಸಲು ಸುಮಾರು 20 ಮೆಗಾಜೂಲ್ ಶಕ್ತಿ ಬೇಕು. ಮೇಲಿನ ಲೆಕ್ಕದಂತೆ ಅದು 2 ಲೀಟರಿಗೂ ಸ್ವಲ್ಪ ಹೆಚ್ಚು ಡೀಸೆಲ್. ರಸ್ತೆ ಎಷ್ಟೇ ನುಣುಪಾಗಿರಲಿ, ಚಾಲಕ ಎಷ್ಟೇ ನಿಪುಣನಿರಲಿ, ಈ ಭಾಗವನ್ನು ಉಳಿಸಲಾಗದು. ಇಳಿಜಾರಿನಲ್ಲಿ ಆ ಶಕ್ತಿಯ ಸ್ವಲ್ಪ ಭಾಗ ವಾಹನವನ್ನು ಮುಂದಕ್ಕೆ ಉರುಳಿಸಲು ಬಳಕೆಯಾಗುತ್ತದೆ, ಉಳಿದದ್ದು ಬ್ರೇಕಿಗೂ ಎಂಜಿನ್ನಿನ ಹಿಡಿತಕ್ಕೂ ಹೋಗುತ್ತದೆ.

ಗೇರು ವ್ಯವಸ್ಥೆಯದು ಮೂರನೆಯ ನಷ್ಟ. ಫೋರ್ ವೀಲ್ ಡ್ರೈವ್ ವಾಹನದಲ್ಲಿ ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಇರುತ್ತದೆ. ಅಲ್ಲಿಂದ ಮುಂದಿನ ಆಕ್ಸೆಲ್ಲಿಗೆ ಇನ್ನೊಂದು ಪ್ರೊಪೆಲ್ಲರ್ ಶಾಫ್ಟು, ಇನ್ನೊಂದು ಡಿಫರೆನ್ಷಿಯಲ್ ಸೇರಿಕೊಳ್ಳುತ್ತವೆ. ಇವು ತೂಕ ಹೆಚ್ಚಿಸುವುದಲ್ಲದೆ ಎಣ್ಣೆಯಲ್ಲಿ ತಿರುಗುತ್ತಾ ಶಕ್ತಿಯನ್ನೂ ತಿನ್ನುತ್ತವೆ. ಬೇಕಾದಾಗ ಮಾತ್ರ ನಾಲ್ಕು ಚಕ್ರಕ್ಕೆ ಶಕ್ತಿ ಕೊಡುವ ವ್ಯವಸ್ಥೆಯಲ್ಲೂ ಮುಂದಿನ ಚಕ್ರಗಳು ಉರುಳುವಾಗ ಶಾಫ್ಟು ಮತ್ತು ಡಿಫರೆನ್ಷಿಯಲ್ಲನ್ನು ಸುಮ್ಮನೆ ತಿರುಗಿಸುತ್ತಲೇ ಇರುತ್ತವೆ. ಇದನ್ನು ತಪ್ಪಿಸಲು ಅಮೆರಿಕದ ಆರ್ಥರ್ ವಾರ್ನ್ 1948ರಲ್ಲಿ ವಿಲ್ಲಿಸ್ ಜೀಪುಗಳಿಗೆ ಲಾಕಿಂಗ್ ಹಬ್ ತಯಾರಿಸತೊಡಗಿದರು. ಮುಂದಿನ ಚಕ್ರದ ನಡುವಿನ ಬಿರಡೆಯನ್ನು ಕೈಯಿಂದ ತಿರುಗಿಸಿದರೆ ಚಕ್ರ ಆಕ್ಸೆಲ್ಲಿನಿಂದ ಬಿಡಿಸಿಕೊಂಡು ಸ್ವತಂತ್ರವಾಗಿ ಉರುಳುತ್ತದೆ. ಇಂಧನದ ಜೊತೆಗೆ ಸವೆತವೂ ತಗ್ಗಿತು. ಚಾಲಕ ಕೆಸರಿಗೆ ಇಳಿಯುವ ಮೊದಲು ಕೆಳಗಿಳಿದು ಎರಡೂ ಹಬ್‌ಗಳನ್ನು ಮತ್ತೆ ಸೇರಿಸಬೇಕಿತ್ತು. ಮುಂದೆ ನಿರ್ವಾತದ ಅಥವಾ ವಿದ್ಯುತ್ತಿನ ಸಹಾಯದಿಂದ ಒಳಗೆ ಕೂತೇ ಮಾಡುವ ವ್ಯವಸ್ಥೆಗಳು ಬಂದವು.

ಎಂಜಿನ್ನು ಮತ್ತು ಇಂಧನ

ಈ ವರ್ಗದಲ್ಲಿ ಡೀಸೆಲ್ ಎಂಜಿನ್ನು ದೀರ್ಘಕಾಲ ಮೇಲುಗೈ ಸಾಧಿಸಿತ್ತು. ಲೀಟರ್ ಡೀಸೆಲ್ಲಿನಲ್ಲಿ ಪೆಟ್ರೋಲಿಗಿಂತ ನೂರಕ್ಕೆ ಹತ್ತಕ್ಕೂ ಹೆಚ್ಚು ಪಾಲು ಶಕ್ತಿ ಇರುತ್ತದೆ. ಹೆಚ್ಚಿನ ಒತ್ತಡದಲ್ಲಿ ಉರಿಯುವುದರಿಂದ ಅದನ್ನು ಹೊರತೆಗೆಯುವ ದಕ್ಷತೆಯೂ ಹೆಚ್ಚು. ಕಡಿಮೆ ಸುತ್ತಿನಲ್ಲೇ ಹೆಚ್ಚು ಟಾರ್ಕ್ ಸಿಗುವುದರಿಂದ ಏರಿನಲ್ಲಿ ಎಂಜಿನ್ನನ್ನು ಕಿರುಚಿಸಬೇಕಾಗಿಲ್ಲ. ಅರ್ಧ ಹೊರೆಯಲ್ಲಿ ಓಡುವಾಗ ಪೆಟ್ರೋಲ್ ಎಂಜಿನ್ನು ಗಾಳಿ ಒಳಬರುವ ಬಾಗಿಲನ್ನು ಕಿರಿದು ಮಾಡಿಕೊಂಡು ಉಸಿರುಗಟ್ಟಿ ಓಡುತ್ತದೆ. ಡೀಸೆಲ್ಲಿನಲ್ಲಿ ಆ ನಷ್ಟವಿಲ್ಲ. ಆದರೆ ಲೀಟರ್ ಡೀಸೆಲ್ ಉರಿದಾಗ ಸುಮಾರು 2.7 ಕಿ.ಗ್ರಾಂ. ಇಂಗಾಲದ ಡೈಆಕ್ಸೈಡ್ ಬರುತ್ತದೆ, ಪೆಟ್ರೋಲಿನಿಂದ ಸುಮಾರು 2.3 ಕಿ.ಗ್ರಾಂ. ಆದ್ದರಿಂದ ಲೀಟರಿನಲ್ಲಿ ಕಾಣುವ ಉಳಿತಾಯ ಹೊಗೆಯ ಲೆಕ್ಕದಲ್ಲಿ ಅಷ್ಟೇ ದೊಡ್ಡದಾಗಿರುವುದಿಲ್ಲ.

ಒಂದೇ ವಾಹನದಲ್ಲಿ ಎಂಜಿನ್ನು ಬದಲಾದರೆ ಮೈಲೇಜು ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಜೀಪ್ ರ‍್ಯಾಂಗ್ಲರ್ ಒಳ್ಳೆಯ ಉದಾಹರಣೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 2021ರ ಮಾದರಿಯ ಅಂಕಿಗಳಲ್ಲಿ 6.4 ಲೀಟರಿನ ವಿ-8 ಪೆಟ್ರೋಲ್ ಎಂಜಿನ್ನಿನ ರ‍್ಯಾಂಗ್ಲರ್ ಗ್ಯಾಲನ್ನಿಗೆ 14 ಮೈಲಿ, ಅಂದರೆ ಲೀಟರಿಗೆ ಸುಮಾರು 6 ಕಿ.ಮೀ. ಕೊಟ್ಟರೆ, 3 ಲೀಟರಿನ ಡೀಸೆಲ್ ರ‍್ಯಾಂಗ್ಲರ್ 25 ಮೈಲಿಯವರೆಗೆ, ಅಂದರೆ ಲೀಟರಿಗೆ ಹತ್ತೂವರೆ ಕಿ.ಮೀ. ಕೊಟ್ಟಿತು. ಟೊಯೊಟಾ ಲ್ಯಾಂಡ್ ಕ್ರೂಸರ್ 70 ಸರಣಿಯಲ್ಲೂ ಇಂಥದೇ ಬದಲಾವಣೆ ನಡೆದಿದೆ. ಆಸ್ಟ್ರೇಲಿಯಾದಲ್ಲಿ ಹೆಸರುವಾಸಿಯಾಗಿದ್ದ 4.5 ಲೀಟರಿನ ವಿ-8 ಡೀಸೆಲ್ ಎಂಜಿನ್ನಿನ ಟಾರ್ಕ್ 430 ನ್ಯೂಟನ್ ಮೀಟರ್. ಅದರ ಜಾಗಕ್ಕೆ ಬಂದ ನಾಲ್ಕು ಸಿಲಿಂಡರಿನ 2.8 ಲೀಟರ್ ಎಂಜಿನ್ನು ಆಟೋಮ್ಯಾಟಿಕ್ ಗೇರಿನೊಂದಿಗೆ 500 ನ್ಯೂಟನ್ ಮೀಟರ್ ಕೊಡುತ್ತದೆ, ಇಂಧನವನ್ನೂ ಕಡಿಮೆ ಬಳಸುತ್ತದೆ. ದೊಡ್ಡ ಎಂಜಿನ್ನಿದ್ದರೇ ಎಳೆತ ಎಂಬ ಹಳೆಯ ನಂಬಿಕೆಯನ್ನು ಟರ್ಬೋಚಾರ್ಜರ್ ಸಡಿಲಿಸಿದೆ.

ನೆಲದ ಪ್ರಭಾವ

ಮೈಲೇಜನ್ನು ಎಲ್ಲಕ್ಕಿಂತ ಹೆಚ್ಚಾಗಿ ಏರುಪೇರು ಮಾಡುವುದು ಚಕ್ರದ ಕೆಳಗಿನ ನೆಲ. ಡಾಂಬರಿನ ಮೇಲೆ ಚಕ್ರದ ತಡೆ ತೂಕದ ನೂರಕ್ಕೆ ಒಂದು, ಒಂದೂವರೆ ಪಾಲು. ಸಾಮಾನ್ಯ ಮಣ್ಣುದಾರಿಯಲ್ಲಿ ಅದು ಐದರ ಸುಮಾರಿಗೆ ಹೋಗುತ್ತದೆ. ಸಡಿಲ ಮರಳಿನಲ್ಲಿ ಹತ್ತರಿಂದ ಮೂವತ್ತು. ಚಕ್ರ ಮರಳನ್ನು ಮುಂದಕ್ಕೆ ದಬ್ಬುತ್ತಾ, ತಾನೇ ತೋಡಿದ ಗುಂಡಿಯಿಂದ ಸದಾ ಏರುತ್ತಾ ಇರುವುದೇ ಈ ತಡೆಯ ಮೂಲ. ಮೇಲೆ ಹೇಳಿದ 2,000 ಕಿ.ಗ್ರಾಂ. ವಾಹನಕ್ಕೆ ನೂರಕ್ಕೆ ಇಪ್ಪತ್ತರ ತಡೆ ಎದುರಾದರೆ ಅದು ಸುಮಾರು 4,000 ನ್ಯೂಟನ್. ಚಕ್ರ ಜಾರಿ ವ್ಯರ್ಥವಾಗುವ ಶಕ್ತಿಯನ್ನೂ ಸೇರಿಸಿ ದಕ್ಷತೆಯನ್ನು ಐದನೆಯ ಒಂದು ಭಾಗವೆಂದು ಹಿಡಿದರೆ ಕಿಲೋಮೀಟರಿಗೆ ಅರ್ಧ ಲೀಟರಿಗೂ ಹೆಚ್ಚು ಡೀಸೆಲ್ ಬೇಕು. ಹೆದ್ದಾರಿಯಲ್ಲಿ 13 ಕೊಡುವ ವಾಹನವೇ ಇಲ್ಲಿ 2 ಕೂಡ ಕೊಡುವುದಿಲ್ಲ.

ಗಾಳಿ ಇಳಿಸುವುದರ ಮಹತ್ವ ಇಲ್ಲಿದೆ. ಡಾಂಬರಿನಲ್ಲಿ ಟೈರಿನ ಗಾಳಿ ಕಡಿಮೆಯಾದರೆ ಮೈಲೇಜು ತಗ್ಗುತ್ತದೆ. ಅಮೆರಿಕದ ಇಂಧನ ಇಲಾಖೆಯ ಅಂದಾಜಿನಂತೆ ನಾಲ್ಕೂ ಚಕ್ರದಲ್ಲಿ ಒಂದೊಂದು ಪಿಎಸ್‌ಐ ಇಳಿದರೆ ನೂರಕ್ಕೆ 0.2ರಷ್ಟು. ಮರಳಿನಲ್ಲಿ ಇದು ತಿರುಗುಮುರುಗು. ಗಾಳಿ ಇಳಿಸಿದ ಟೈರು ಅಗಲವಾಗಿ, ಉದ್ದವಾಗಿ ಹರಡಿಕೊಂಡು ಹೂಳುವುದು ತಪ್ಪುತ್ತದೆ, ತಡೆ ತಗ್ಗುತ್ತದೆ, ಇಂಧನ ಉಳಿಯುತ್ತದೆ. ಮತ್ತೆ ರಸ್ತೆಗೆ ಬಂದೊಡನೆ ಗಾಳಿ ತುಂಬಿಸದಿದ್ದರೆ ಉಳಿಸಿದ್ದು ಕೈತಪ್ಪುವುದಲ್ಲದೆ ಟೈರು ಬಿಸಿಯಾಗಿ ಒಡೆಯುವ ಅಪಾಯವೂ ಇದೆ.

ಎತ್ತರದ ಪ್ರದೇಶಗಳಲ್ಲಿ ಗಾಳಿ ತೆಳುವಾಗುತ್ತದೆ. 5,000 ಮೀಟರಿನಲ್ಲಿ ಅದರ ಸಾಂದ್ರತೆ ಸಮುದ್ರಮಟ್ಟದ ಸುಮಾರು ನೂರಕ್ಕೆ 60ರಷ್ಟು ಮಾತ್ರ. ಟರ್ಬೋ ಇಲ್ಲದ ಎಂಜಿನ್ನು ಅಲ್ಲಿ ಸೋತು ಕೆಳಗಿನ ಗೇರಿನಲ್ಲೇ ಏರಬೇಕಾಗುತ್ತದೆ. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ತಾಂಡಿಯ ಬಂಕಿನ ಮುಂದೆ ಮುಂದಿನ ಬಂಕ್ 365 ಕಿ.ಮೀ. ದೂರದಲ್ಲಿದೆ ಎಂದು ಎಚ್ಚರಿಸುತ್ತಿದ್ದ ಫಲಕ ಪ್ರವಾಸಿಗರಲ್ಲಿ ಪ್ರಸಿದ್ಧ. 5,328 ಮೀಟರಿನ ತಂಗ್ಲಾಂಗ್ ಲಾ ಇರುವ ಆ ದಾರಿಯಲ್ಲಿ ಬಯಲುಸೀಮೆಯ ಮೈಲೇಜನ್ನು ನಂಬಿ ಲೆಕ್ಕ ಹಾಕುವಂತಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಕ್ಯಾನಿಂಗ್ ಸ್ಟಾಕ್ ರೂಟ್ ಇನ್ನೂ ಕಠಿಣ: ಸುಮಾರು 1,850 ಕಿ.ಮೀ. ಮರಳುದಿಬ್ಬಗಳ ದಾರಿಯ ನಡುವೆ ಇಂಧನಕ್ಕೆ ನಿಲ್ಲುವ ಮುಖ್ಯ ನೆಲೆ ಕುನವರಿಟ್ಜಿ. ಆ ದೇಶದಲ್ಲಿ ಲ್ಯಾಂಡ್ ಕ್ರೂಸರ್ ಟ್ರೂಪ್ ಕ್ಯಾರಿಯರ್ ಎರಡು ಟ್ಯಾಂಕುಗಳಲ್ಲಿ ಒಟ್ಟು 180 ಲೀಟರ್ ಹೊತ್ತು ಓಡುವುದಕ್ಕೆ ಕಾರಣ ಇಂಥ ದಾರಿಗಳೇ.

ಚರಿತ್ರೆ

ಆಫ್‌ರೋಡ್ ಪಯಣದಲ್ಲಿ ಇಂಧನದ ಲೆಕ್ಕವನ್ನು ಶಾಸ್ತ್ರದ ಮಟ್ಟಕ್ಕೆ ಒಯ್ದವರಲ್ಲಿ ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನಾಲ್ಡ್ ಪ್ರಮುಖರು. 1920ರ ದಶಕದ ಕೊನೆಯಿಂದ 1930ರ ದಶಕದ ಆರಂಭದವರೆಗೆ ಅವರು ಗೆಳೆಯರೊಂದಿಗೆ ಫೋರ್ಡ್ ಕಾರುಗಳಲ್ಲಿ ಲಿಬಿಯಾದ ಮರುಭೂಮಿಯನ್ನು ಸುತ್ತಿದರು. ಮರಳಿನಲ್ಲಿ ಟೈರಿನ ಗಾಳಿ ಇಳಿಸುವುದು, ಹೂತ ಚಕ್ರದ ಕೆಳಗೆ ಉಕ್ಕಿನ ಪಟ್ಟಿಗಳನ್ನು ಇಡುವುದು, ಕುದಿಯುವ ರೇಡಿಯೇಟರಿನ ಆವಿಯನ್ನು ಹಿಡಿದು ಮತ್ತೆ ನೀರಾಗಿಸುವುದು ಆ ಪಯಣಗಳಲ್ಲಿ ರೂಢಿಗೆ ಬಂದ ಉಪಾಯಗಳು. ಒಂದು ಕಾರು ಎಷ್ಟು ಪೆಟ್ರೋಲ್ ಹೊರಬಲ್ಲದು, ಆ ಹೊರೆಯನ್ನು ಹೊರಲು ಎಷ್ಟು ಪೆಟ್ರೋಲ್ ಉರಿಯುತ್ತದೆ, ಹಿಂದಿರುಗಲು ಎಲ್ಲಿ ಎಷ್ಟು ಬಚ್ಚಿಡಬೇಕು ಎಂಬುದೇ ಇಡೀ ಯೋಜನೆಯ ತಳಹದಿಯಾಗಿತ್ತು. 1940ರಲ್ಲಿ ಈಜಿಪ್ಟಿನಲ್ಲಿ ಅವರು ಕಟ್ಟಿದ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಇದೇ ಅನುಭವವನ್ನು ಯುದ್ಧಕ್ಕೆ ಬಳಸಿತು.

ಅದೇ ಯುದ್ಧದಲ್ಲಿ ಇಂಧನ ನಷ್ಟದ ಇನ್ನೊಂದು ಮುಖವೂ ಕಂಡಿತು. ಬ್ರಿಟಿಷ್ ಸೇನೆ ಪೆಟ್ರೋಲ್ ಸಾಗಿಸುತ್ತಿದ್ದ ತೆಳು ತಗಡಿನ ನಾಲ್ಕು ಗ್ಯಾಲನ್ ಡಬ್ಬಗಳು ಕುಲುಕಾಟಕ್ಕೆ ಬಿರಿದು ಸೋರುತ್ತಿದ್ದವು. ಎಂಜಿನ್ನು ಕುಡಿಯುವ ಮೊದಲೇ ಮರಳು ಕುಡಿಯುತ್ತಿತ್ತು. ಜರ್ಮನ್ನರು 1930ರ ದಶಕದಲ್ಲಿ ರೂಪಿಸಿದ್ದ 20 ಲೀಟರಿನ ಗಟ್ಟಿ ಕ್ಯಾನನ್ನು ಮಿತ್ರರಾಷ್ಟ್ರಗಳು ನಕಲು ಮಾಡಿದವು. ಅದೇ ಇಂದಿನ ಜೆರಿಕ್ಯಾನ್.

ಅಮೆರಿಕದ ಸೇನೆ 1940ರಲ್ಲಿ ಜೀಪಿಗೆ ಬೇಡಿಕೆ ಇಟ್ಟಾಗ ಹಗುರತನವನ್ನೇ ಮುಖ್ಯ ಷರತ್ತಾಗಿ ಒಡ್ಡಿತು. ಮೊದಲು ಕೇಳಿದ 590 ಕಿ.ಗ್ರಾಂ. ತೂಕ ಯಾವ ಕಂಪನಿಯಿಂದಲೂ ಸಾಧ್ಯವಾಗದೆ ಮಿತಿಯನ್ನು ಏರಿಸಬೇಕಾಯಿತು. ಕೊನೆಗೆ ದೊಡ್ಡ ಪ್ರಮಾಣದಲ್ಲಿ ತಯಾರಾದ ವಿಲ್ಲಿಸ್ ಎಂ.ಬಿ. 2.2 ಲೀಟರಿನ 60 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಹೊಂದಿದ್ದು ಸುಮಾರು 1,100 ಕಿ.ಗ್ರಾಂ. ತೂಗುತ್ತಿತ್ತು. 1948ರಲ್ಲಿ ಆಮ್‌ಸ್ಟರ್‌ಡಾಮಿನ ವಾಹನ ಪ್ರದರ್ಶನದಲ್ಲಿ ಹೊರಬಂದ ಲ್ಯಾಂಡ್ ರೋವರ್, ಬ್ರಿಟನ್ನಿನಲ್ಲಿ ಉಕ್ಕಿಗೆ ರೇಷನ್ ಇದ್ದ ಕಾರಣ ಅಲ್ಯೂಮಿನಿಯಂ ಮಿಶ್ರಲೋಹದ ಮೈ ತೊಟ್ಟಿತು. ಕೊರತೆಯಿಂದ ಬಂದ ಆ ಆಯ್ಕೆ ತೂಕವನ್ನೂ ಹಿಡಿತದಲ್ಲಿಟ್ಟಿತು.

ವಾಹನ ಸುಖಸಾಧನವಾದಂತೆ ತೂಕ ಏರಿತು. 1970ರ ರೇಂಜ್ ರೋವರ್ 3.5 ಲೀಟರಿನ ವಿ-8 ಎಂಜಿನ್ನು ಮತ್ತು ಸದಾ ನಾಲ್ಕು ಚಕ್ರಕ್ಕೂ ಶಕ್ತಿ ಹರಿಸುವ ವ್ಯವಸ್ಥೆಯೊಂದಿಗೆ ಬಂದಿತು. ಮೂರೇ ವರ್ಷದಲ್ಲಿ, 1973ರ ತೈಲ ಬಿಕ್ಕಟ್ಟು ಇಂಥ ವಾಹನಗಳ ಹಸಿವನ್ನು ಬಯಲಿಗೆ ತಂದಿತು. ಜಪಾನಿನಲ್ಲಿ ಸುಜುಕಿ ಬೇರೆಯದೇ ದಾರಿ ಹಿಡಿದಿತ್ತು: 1970ರ ಮೊದಲ ಜಿಮ್ನಿಗೆ ಇದ್ದದ್ದು 359 ಸಿ.ಸಿ.ಯ ಎರಡು ಸ್ಟ್ರೋಕ್ ಎಂಜಿನ್ನು. ಪುಟ್ಟ ಎಂಜಿನ್ನು, ಹಗುರ ಮೈ, ಲೋ ಗೇರು ಇದ್ದರೆ ಬೆಟ್ಟ ಏರಬಹುದು ಎಂದು ಅದು ತೋರಿಸಿಕೊಟ್ಟಿತು. 1984ರ ಜೀಪ್ ಚೆರೋಕಿ ಪ್ರತ್ಯೇಕ ಚಾಸಿಯನ್ನು ಬಿಟ್ಟು ಮೈ ಮತ್ತು ಚೌಕಟ್ಟನ್ನು ಒಂದಾಗಿಸಿ, ಹಿಂದಿನ ಮಾದರಿಗಿಂತ ಗಾತ್ರ ಮತ್ತು ತೂಕ ಎರಡನ್ನೂ ಇಳಿಸಿತು. ಮುಂದೆ ಬಂದ ಎಸ್‌ಯುವಿಗಳಲ್ಲಿ ಬಹುಪಾಲು ಈ ದಾರಿಯನ್ನೇ ಹಿಡಿದವು.

ಭಾರತದಲ್ಲಿ

1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳ ಜೋಡಣೆ ಆರಂಭಿಸಿದಾಗ ಅವು ಪೆಟ್ರೋಲ್ ವಾಹನಗಳು. ಭಾರತದಲ್ಲಿ ಡೀಸೆಲ್ ಬೆಲೆ ದಶಕಗಳ ಕಾಲ ಪೆಟ್ರೋಲಿಗಿಂತ ಬಹಳ ಕಡಿಮೆಯಿತ್ತು. ಆದ್ದರಿಂದ ಜೀಪಿನ ಮಾಲೀಕ ಲೀಟರಿನ ಲೆಕ್ಕಕ್ಕಿಂತ ಕಿಲೋಮೀಟರಿಗೆ ಎಷ್ಟು ರೂಪಾಯಿ ಎಂದು ನೋಡುತ್ತಿದ್ದ. ಹಳೆಯ ಪೆಟ್ರೋಲ್ ಜೀಪುಗಳ ಎಂಜಿನ್ನು ಇಳಿಸಿ ಡೀಸೆಲ್ ಎಂಜಿನ್ನು ಕೂರಿಸುವುದು ಊರೂರ ಗ್ಯಾರೇಜುಗಳಲ್ಲಿ ಸಾಮಾನ್ಯವಾಯಿತು. ಕಂಪನಿಯೂ ಪ್ಯೂಜೊ ವಿನ್ಯಾಸದ 2.1 ಲೀಟರ್ ಡೀಸೆಲ್ ಎಂಜಿನ್ನನ್ನು ಎಂಎಂ 540ರಂಥ ಮಾದರಿಗಳಲ್ಲಿ ಕೊಟ್ಟಿತು. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆ ಸರ್ಕಾರದ ನಿಯಂತ್ರಣದಿಂದ ಹೊರಬಂದ ಮೇಲೆ ಎರಡರ ನಡುವಿನ ಅಂತರ ಕಿರಿದಾಯಿತು.

1985ರಲ್ಲಿ ಬಂದ ಮಾರುತಿ ಜಿಪ್ಸಿ ಈ ಡೀಸೆಲ್ ಒಲವಿಗೆ ಅಪವಾದ. ಅದು ಕೊನೆಯವರೆಗೂ ಪೆಟ್ರೋಲ್ ವಾಹನವಾಗಿಯೇ ಉಳಿಯಿತು. ಮೊದಲು 970 ಸಿ.ಸಿ., 1996ರಿಂದ 1.3 ಲೀಟರಿನ ಎಂಜಿನ್ನು ಹೊಂದಿದ್ದ ಇದರ ತೂಕ ಸುಮಾರು ಒಂದು ಟನ್ ಮಾತ್ರ. ಮೈಲೇಜಿನಲ್ಲಿ ಹೆಸರು ಮಾಡದಿದ್ದರೂ ಸೇನೆಯಲ್ಲೂ ರ‍್ಯಾಲಿಗಳಲ್ಲೂ ಅದು ಬಹುಕಾಲ ಬಾಳಿದ್ದು ಹಗುರತನದಿಂದ. ಅದರ ವಂಶದಲ್ಲೇ 2023ರಲ್ಲಿ ಬಂದ ಐದು ಬಾಗಿಲಿನ ಜಿಮ್ನಿ ಸುಮಾರು 1.2 ಟನ್ ತೂಗುತ್ತದೆ. ಅದರ 1.5 ಲೀಟರ್ ಪೆಟ್ರೋಲ್ ಎಂಜಿನ್ನಿಗೆ ಕಂಪನಿ ಘೋಷಿಸಿದ ಮೈಲೇಜು ಮ್ಯಾನ್ಯುಯಲ್ ಗೇರಿನಲ್ಲಿ ಲೀಟರಿಗೆ 16.94 ಕಿ.ಮೀ., ಆಟೋಮ್ಯಾಟಿಕ್ಕಿನಲ್ಲಿ 16.39 ಕಿ.ಮೀ.

ಮಹೀಂದ್ರ ಥಾರ್‌ನ ಎರಡನೆಯ ಪೀಳಿಗೆ 2020ರಲ್ಲಿ 2.2 ಲೀಟರ್ ಡೀಸೆಲ್ ಮತ್ತು 2 ಲೀಟರ್ ಟರ್ಬೋ ಪೆಟ್ರೋಲ್ ಎಂಜಿನ್ನುಗಳೊಂದಿಗೆ ಬಂದಿತು. 2023ರ ಜನವರಿಯಲ್ಲಿ ಕಂಪನಿ ಇದರ ಹಿಂಚಕ್ರ ಚಾಲಿತ ಮಾದರಿಯನ್ನು ಬಿಡುಗಡೆ ಮಾಡಿತು. ಅದರಲ್ಲಿ ಟ್ರಾನ್ಸ್‌ಫರ್ ಕೇಸೂ ಇಲ್ಲ, ಮುಂದಿನ ಡಿಫರೆನ್ಷಿಯಲ್ಲೂ ಇಲ್ಲ. ಡೀಸೆಲ್ ಎಂಜಿನ್ನು 1.5 ಲೀಟರಿಗೆ ಇಳಿದಿದೆ. ನಾಲ್ಕು ಮೀಟರಿನೊಳಗಿನ ಉದ್ದ, 1,500 ಸಿ.ಸಿ. ಒಳಗಿನ ಡೀಸೆಲ್ ಎಂಜಿನ್ನು ಇದ್ದರೆ ತೆರಿಗೆ ಕಡಿಮೆ ಎಂಬುದು ಇದರ ಹಿಂದಿನ ದೊಡ್ಡ ಕಾರಣ. ಜೀಪಿನ ರೂಪ ಬೇಕು, ಬೆಟ್ಟ ಹತ್ತುವ ಸಾಮರ್ಥ್ಯ ಅಷ್ಟಾಗಿ ಬೇಡ ಎನ್ನುವ ಗ್ರಾಹಕರು ಇರುವುದನ್ನೂ ಈ ಮಾದರಿ ಸೂಚಿಸುತ್ತದೆ.

ಆ ಸಾಮರ್ಥ್ಯ ನಿಜಕ್ಕೂ ಬೇಕಾದ ಕಡೆ ಲೆಕ್ಕ ಬೇರೆ. ಕರ್ನಾಟಕದ ಮಲೆನಾಡಿನಲ್ಲಿ ಕಾಫಿ ತೋಟಗಳ ಜೀಪುಗಳು ಆಳು, ಗೊಬ್ಬರ, ಫಸಲು ಹೊತ್ತು ದಿನವೂ ಕಡಿದಾದ ಮಣ್ಣುದಾರಿ ಹತ್ತಿಳಿಯುತ್ತವೆ. ಕೊಡಚಾದ್ರಿಗೂ ಕೊಡಗಿನ ಮಾಂದಲಪಟ್ಟಿಗೂ ಪ್ರವಾಸಿಗರನ್ನು ಕರೆದೊಯ್ಯುವ ಬಾಡಿಗೆ ಜೀಪುಗಳದೂ ಇದೇ ಬದುಕು. ಅಲ್ಲಿ ಬಾಡಿಗೆ ನಿಲ್ಲುವುದು ಟ್ರಿಪ್ಪಿನ ಲೆಕ್ಕದಲ್ಲಿ. ಮಳೆಗಾಲದಲ್ಲಿ ದಾರಿ ಕೊರೆದುಹೋಗಿ ಲೋ ಗೇರಿನಲ್ಲಿ ಓಡಿಸುವ ಹೊತ್ತು ಹೆಚ್ಚಾದರೆ ಅದೇ ದೂರಕ್ಕೆ ಹೆಚ್ಚು ಡೀಸೆಲ್ ಬೇಕು. ಇಂಧನದ ಜೊತೆಗೆ ಕ್ಲಚ್, ಟೈರು, ಸ್ಪ್ರಿಂಗಿನ ಸವೆತವೂ ಖರ್ಚಿಗೆ ಸೇರಿಕೊಳ್ಳುತ್ತದೆ. ಯಾವ ಊರಿನ ಮೆಕ್ಯಾನಿಕ್ಕಾದರೂ ಬಿಚ್ಚಿ ಜೋಡಿಸಬಲ್ಲ ಸರಳ ಎಂಜಿನ್ನಿನ ಹಳೆಯ ಜೀಪು ಮೈಲೇಜಿನಲ್ಲಿ ಹಿಂದಿದ್ದರೂ ಇಲ್ಲಿ ಲಾಭದ ವಾಹನವಾಗಿ ಉಳಿದಿರುವುದು ಹೀಗೆ.

2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಧನ ಸಮಾವೇಶದಲ್ಲಿ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ದೊರೆಯಿತು. ಲೀಟರ್ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ. ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಂಡು ಶೇ. 10ರ ಮಿಶ್ರಣಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಮೈಲೇಜು ಶೇ. 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿತ್ತು. ಮೊದಲೇ ಮೈಲೇಜು ಕಡಿಮೆಯಿರುವ ಪೆಟ್ರೋಲ್ ಜೀಪುಗಳಲ್ಲಿ ಈ ಇಳಿಕೆಯನ್ನು ಲೀಟರಿನಲ್ಲಿ ನೋಡಿದರೆ ಸಣ್ಣ ಕಾರಿಗಿಂತ ಹೆಚ್ಚು.

ಕಾನೂನು ಮತ್ತು ವರ್ಗೀಕರಣ

ಅಮೆರಿಕ 1975ರಲ್ಲಿ ಮಾಡಿದ ಇಂಧನ ನೀತಿ ಕಾಯ್ದೆ ಪ್ರತಿ ಕಂಪನಿಯ ವಾಹನಗಳ ಸರಾಸರಿ ಮೈಲೇಜಿಗೆ ಮಿತಿ ಹಾಕಿತು. ಕಾರುಗಳಿಗೆ ಒಂದು ಮಿತಿ, ಲೈಟ್ ಟ್ರಕ್ಕುಗಳಿಗೆ ಅದಕ್ಕಿಂತ ಸಡಿಲವಾದ ಇನ್ನೊಂದು. ಆಫ್‌ರೋಡ್ ವಾಹನಗಳು ಎರಡನೆಯ ಗುಂಪಿಗೆ ಸೇರಿದವು. ಯಾವುದು ಆಫ್‌ರೋಡ್ ವಾಹನ ಎಂಬುದನ್ನೂ ಅಲ್ಲಿನ ನಿಯಮ ಅಳತೆಪಟ್ಟಿ ಹಿಡಿದು ಹೇಳುತ್ತದೆ. ಫೋರ್ ವೀಲ್ ಡ್ರೈವ್ ಇರಬೇಕು ಅಥವಾ ಹೊರೆಸಹಿತ ತೂಕ 6,000 ಪೌಂಡಿಗಿಂತ ಹೆಚ್ಚಿರಬೇಕು. ಜೊತೆಗೆ ಐದು ಅಳತೆಗಳಲ್ಲಿ ಕನಿಷ್ಠ ನಾಲ್ಕು ಹೊಂದಬೇಕು: ಮುಂಭಾಗ ತಗುಲದೆ ದಿಬ್ಬ ಏರುವ ಕೋನ 28 ಡಿಗ್ರಿ, ಹೊಟ್ಟೆ ತಗುಲದೆ ದಾಟುವ ಕೋನ 14 ಡಿಗ್ರಿ, ಹಿಂಭಾಗದ ಕೋನ 20 ಡಿಗ್ರಿ, ನೆಲದಿಂದ ಮೈಯ ಎತ್ತರ 20 ಸೆಂ.ಮೀ., ಆಕ್ಸೆಲ್ಲಿನ ಎತ್ತರ 18 ಸೆಂ.ಮೀ. ಈ ಸಡಿಲಿಕೆಯಿಂದ ಕಂಪನಿಗಳಿಗೆ ಎತ್ತರದ ವಾಹನ ಕಟ್ಟುವುದು ಲಾಭದಾಯಕವಾಯಿತು ಎಂಬ ಟೀಕೆ ಬಹುಕಾಲದಿಂದ ಇದೆ.

ಯೂರೋಪಿನ ಒಕ್ಕೂಟದಲ್ಲಿ ಹೊಸ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡನ್ನು ಕಿಲೋಮೀಟರಿಗೆ 95 ಗ್ರಾಂಗೆ ಇಳಿಸುವ ನಿಯಮ 2020ರಿಂದ ಜಾರಿಗೆ ಬಂದಿತು. ಮಿತಿ ಮೀರಿದ ಪ್ರತಿ ಗ್ರಾಮಿಗೆ, ಮಾರಿದ ಪ್ರತಿ ಕಾರಿಗೆ 95 ಯೂರೋ ದಂಡ. ಈ ಮಿತಿಯನ್ನು ಬಹಳಷ್ಟು ಮೀರುತ್ತಿದ್ದ ಜಿಮ್ನಿಯನ್ನು ಸುಜುಕಿ ಅಲ್ಲಿ ಪ್ರಯಾಣಿಕ ಕಾರಾಗಿ ಮಾರುವುದನ್ನು ನಿಲ್ಲಿಸಿ, ಹಿಂದಿನ ಸೀಟು ತೆಗೆದು ಎರಡು ಸೀಟಿನ ಸರಕು ವಾಹನವಾಗಿ ಮತ್ತೆ ತಂದಿತು. ಆಸ್ಟ್ರೇಲಿಯಾ 2025ರಿಂದ ಇಂಥದೇ ಮಾನದಂಡ ತಂದಾಗಲೂ ಲ್ಯಾಂಡ್ ಕ್ರೂಸರಿನಂಥ ದೊಡ್ಡ ಚಾಸಿಯ ವಾಹನಗಳನ್ನು ಸರಕು ವಾಹನಗಳ ಸಡಿಲ ಮಿತಿಯೊಳಗೆ ಸೇರಿಸಿತು. ಭಾರತದಲ್ಲಿ ಸರಾಸರಿ ಮಿತಿ 2017–18ರಿಂದ ಸುಮಾರು 130 ಗ್ರಾಂ, 2022–23ರಿಂದ 113 ಗ್ರಾಂ. ಕಂಪನಿ ಮಾರುವ ವಾಹನಗಳ ಸರಾಸರಿ ತೂಕಕ್ಕೆ ತಕ್ಕಂತೆ ಈ ಮಿತಿ ಬದಲಾಗುವುದರಿಂದ ಭಾರದ ವಾಹನಗಳನ್ನು ಮಾರುವವರಿಗೆ ಸ್ವಲ್ಪ ರಿಯಾಯಿತಿ ಸಿಗುತ್ತದೆ.

ಘೋಷಿತ ಮೈಲೇಜು ಮತ್ತು ನಿಜ ಬಳಕೆ

ಭಾರತದಲ್ಲಿ ಘೋಷಿತ ಮೈಲೇಜು ಪುಣೆಯ ಎಆರ್‌ಎಐನಂಥ ಸಂಸ್ಥೆಗಳಲ್ಲಿ ಉರುಳೆಗಳ ಮೇಲೆ ನಡೆಸುವ ಪರೀಕ್ಷೆಯಿಂದ ಬರುತ್ತದೆ. ಪರೀಕ್ಷೆಯ ಗರಿಷ್ಠ ವೇಗ ಗಂಟೆಗೆ 90 ಕಿ.ಮೀ.; ಎಸಿ ಬಂದ್ ಆಗಿರುತ್ತದೆ. ಏರು, ಕೆಸರು, ಮರಳು ಯಾವುವೂ ಅಲ್ಲಿಲ್ಲ. ಗಾಳಿಯ ತಡೆ ತೀವ್ರವಾಗುವ ವೇಗಗಳು ಹೊರಗುಳಿಯುವುದರಿಂದ ಚೌಕಾಕಾರದ ವಾಹನಗಳ ಘೋಷಿತ ಅಂಕಿಗೂ ಹೆದ್ದಾರಿಯ ಅನುಭವಕ್ಕೂ ಅಂತರ ಹೆಚ್ಚು.

ಮಾಲೀಕರು ಮಾಡುವ ಬದಲಾವಣೆಗಳು ಈ ಅಂತರವನ್ನು ಇನ್ನಷ್ಟು ಹಿಗ್ಗಿಸುತ್ತವೆ. ಛಾವಣಿಯ ಮೇಲಿನ ದೊಡ್ಡ ಪೆಟ್ಟಿಗೆ ನಗರದಲ್ಲಿ ಶೇ. 2ರಿಂದ 8, ಹೆದ್ದಾರಿಯಲ್ಲಿ ಶೇ. 6ರಿಂದ 17ರಷ್ಟು ಮೈಲೇಜು ತಗ್ಗಿಸಬಹುದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ, 45 ಕಿ.ಗ್ರಾಂ. ಹೆಚ್ಚುವರಿ ತೂಕಕ್ಕೆ ಸುಮಾರು ಶೇ. 1. ಉಕ್ಕಿನ ಬಂಪರು, ವಿಂಚು, ಎರಡನೆಯ ಸ್ಟೆಪ್ನಿ, ಜೆರಿಕ್ಯಾನುಗಳು ಸೇರಿದರೆ ಈ ತೂಕ ಸುಲಭವಾಗಿ ಕೆಲವು ಪಟ್ಟಾಗುತ್ತದೆ. ದೊಡ್ಡ ಟೈರು ಹಾಕಿಸಿದವರು ಮೀಟರಿನ ಲೆಕ್ಕವನ್ನೂ ತಿದ್ದಿಕೊಳ್ಳಬೇಕು. ಟೈರಿನ ವ್ಯಾಸ ಶೇ. 10 ಹೆಚ್ಚಿದರೆ 110 ಕಿ.ಮೀ. ಓಡಿದಾಗ ಮೀಟರು 100 ಎಂದೇ ತೋರಿಸುತ್ತದೆ. ಆಗ ಮೈಲೇಜು ನಿಜಕ್ಕಿಂತ ಕಡಿಮೆ ಕಾಣುತ್ತದೆ.

ನಂಬಲರ್ಹವಾದ ಲೆಕ್ಕಕ್ಕೆ ಟ್ಯಾಂಕನ್ನು ಬಾಯಿವರೆಗೆ ತುಂಬಿಸಿ, ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಅಷ್ಟೇ ತುಂಬಿಸಿ, ಸುರಿದ ಲೀಟರಿನಿಂದ ಓಡಿದ ದೂರವನ್ನು ಭಾಗಿಸುವುದು ಹಳೆಯ, ಇಂದಿಗೂ ಸರಿಯಾದ ಕ್ರಮ. ಒಂದು ಸಲದ ಫಲಿತಾಂಶಕ್ಕಿಂತ ಹಲವು ಸಲದ ಸರಾಸರಿ ಉತ್ತಮ. ಡಾಂಬರು, ಘಾಟಿ, ಕಚ್ಚಾ ದಾರಿಗಳ ಲೆಕ್ಕ ಬೇರೆ ಬೇರೆ ಇಟ್ಟರೆ ಮುಂದಿನ ಪಯಣಕ್ಕೆ ಎಷ್ಟು ಇಂಧನ ಬೇಕೆಂಬುದು ತಿಳಿಯುತ್ತದೆ. ಗಟ್ಟಿ ನೆಲಕ್ಕೆ ಬಂದೊಡನೆ ಫೋರ್ ವೀಲ್ ಡ್ರೈವ್ ಬಿಡಿಸುವುದು, ಗಾಳಿ ತುಂಬಿಸುವುದು, ಖಾಲಿ ಕ್ಯಾರಿಯರ್ ಇಳಿಸುವುದು, 80ರ ಆಸುಪಾಸಿನ ವೇಗ ಕಾಯ್ದುಕೊಳ್ಳುವುದು, ನಿಂತಾಗ ಎಂಜಿನ್ನು ಆರಿಸುವುದು ಖರ್ಚಿಲ್ಲದ ಉಪಾಯಗಳು.

ಹೈಬ್ರಿಡ್ ಮತ್ತು ವಿದ್ಯುತ್ ವಾಹನಗಳು

ವಿದ್ಯುತ್ ಮೋಟಾರು ಸೊನ್ನೆ ವೇಗದಲ್ಲೇ ಪೂರ್ತಿ ಟಾರ್ಕ್ ಕೊಡುತ್ತದೆ, ನಿಂತಾಗ ಏನನ್ನೂ ಉರಿಸುವುದಿಲ್ಲ, ಇಳಿಜಾರಿನಲ್ಲಿ ಬ್ರೇಕಿನ ಶಕ್ತಿಯ ಒಂದು ಭಾಗವನ್ನು ಬ್ಯಾಟರಿಗೆ ಮರಳಿಸುತ್ತದೆ. ತೆವಳುವ ಓಟದಲ್ಲಿ ಪೆಟ್ರೋಲ್, ಡೀಸೆಲ್ ಎಂಜಿನ್ನುಗಳು ಸೋಲುವ ಕಡೆಯೇ ಇದು ಗೆಲ್ಲುತ್ತದೆ. ಆದರೆ ಬ್ಯಾಟರಿ ಭಾರ. 17.3 ಕಿಲೋವ್ಯಾಟ್ ಗಂಟೆಯ ಬ್ಯಾಟರಿ ಇದ್ದ ಪ್ಲಗ್-ಇನ್ ಹೈಬ್ರಿಡ್ ರ‍್ಯಾಂಗ್ಲರ್ ಒಮ್ಮೆ ಚಾರ್ಜ್ ಮಾಡಿದರೆ ಅಮೆರಿಕದ ಪರೀಕ್ಷೆಯಲ್ಲಿ ಸುಮಾರು 34 ಕಿ.ಮೀ. ವಿದ್ಯುತ್ತಿನಲ್ಲೇ ಓಡಿತು, ಚಾರ್ಜ್ ಮುಗಿದ ಮೇಲೆ ಬರೀ ಪೆಟ್ರೋಲಿನಲ್ಲಿ ಗ್ಯಾಲನ್ನಿಗೆ 20 ಮೈಲಿ, ಅಂದರೆ ಲೀಟರಿಗೆ ಎಂಟೂವರೆ ಕಿ.ಮೀ. ಮಾತ್ರ. ದಿನವೂ ಚಾರ್ಜ್ ಮಾಡುವವರಿಗೆ ಅದು ಮಿತವ್ಯಯಿ, ಮಾಡದವರಿಗೆ ಅಲ್ಲ. 2024ರಲ್ಲಿ ಬಂದ ಮರ್ಸಿಡಿಸ್ ಜಿ ವರ್ಗದ ವಿದ್ಯುತ್ ಮಾದರಿ ನಾಲ್ಕು ಚಕ್ರಕ್ಕೆ ನಾಲ್ಕು ಮೋಟಾರು ಹೊಂದಿದ್ದು ಮೂರು ಟನ್ನಿಗೂ ಹೆಚ್ಚು ತೂಗುತ್ತದೆ. ಚೌಕ ಮೂತಿಯನ್ನು ಹಾಗೆಯೇ ಉಳಿಸಿಕೊಂಡು ಅಂಚುಗಳನ್ನು ಸಣ್ಣಗೆ ತಿದ್ದಿ ಗಾಳಿಯ ತಡೆಯ ಗುಣಾಂಕವನ್ನು 0.44ಕ್ಕೆ ಇಳಿಸಲಾಗಿದೆ. ಅದೇ ವರ್ಷ ಸೌದಿ ಅರೇಬಿಯಾದಲ್ಲಿ ನಡೆದ ಡಕಾರ್ ರ‍್ಯಾಲಿಯನ್ನು ಗೆದ್ದ ಆಡಿ ವಾಹನದ ಚಕ್ರಗಳನ್ನು ತಿರುಗಿಸಿದ್ದು ವಿದ್ಯುತ್ ಮೋಟಾರುಗಳು. ಒಳಗಿದ್ದ ಪೆಟ್ರೋಲ್ ಎಂಜಿನ್ನಿನ ಕೆಲಸ ಬ್ಯಾಟರಿಗೆ ಚಾರ್ಜ್ ತುಂಬುವುದಷ್ಟೇ ಆಗಿತ್ತು.

ದಿನಕ್ಕೆ ನಿಗದಿತ ದೂರ ಓಡಿ ರಾತ್ರಿ ಒಂದೇ ಕಡೆ ನಿಲ್ಲುವ ತೋಟದ ವಾಹನ, ಸಫಾರಿ ವಾಹನಗಳಿಗೆ ವಿದ್ಯುತ್ ಹೊಂದುತ್ತದೆ. ದಿನಗಟ್ಟಲೆ ಊರು ಸಿಗದ ದಾರಿಗಳಿಗೆ ಡೀಸೆಲ್ಲಿನ ಅನುಕೂಲ ಇನ್ನೂ ಉಳಿದಿದೆ: 20 ಲೀಟರಿನ ಒಂದು ಕ್ಯಾನಿನಲ್ಲಿ ಸುಮಾರು 720 ಮೆಗಾಜೂಲ್, ಅಂದರೆ 200 ಕಿಲೋವ್ಯಾಟ್ ಗಂಟೆಯಷ್ಟು ಶಕ್ತಿ ಅಡಗಿರುತ್ತದೆ. ಅದರ ಕಾಲುಭಾಗ ಮಾತ್ರ ಚಕ್ರಕ್ಕೆ ತಲುಪಿದರೂ 50 ಕಿಲೋವ್ಯಾಟ್ ಗಂಟೆಯಾಗುತ್ತದೆ. ಅಷ್ಟನ್ನೇ ಕೊಡುವ ಬ್ಯಾಟರಿಯ ತೂಕ ನೂರಾರು ಕಿಲೋಗ್ರಾಂ. ಆದ್ದರಿಂದ ಯಾವ ಇಂಧನ ಮಿತವ್ಯಯಿ ಎಂಬುದನ್ನು ಎಂಜಿನ್ನು ನೋಡಿ ಹೇಳಲಾಗದು. ವಾಹನ ಯಾವ ನೆಲದಲ್ಲಿ, ಎಷ್ಟು ಹೊರೆಯೊಂದಿಗೆ, ಎಷ್ಟು ದಿನ ಓಡಬೇಕಿದೆ ಎಂಬುದರ ಮೇಲೆ ಅದು ನಿರ್ಧಾರವಾಗುತ್ತದೆ.